ಕಂಬ ಹೊತ್ತವನ ಕಣ್ಣು

ಸಾಗರದ ಇಗರ್ಜಿಯೊಂದರ ಹೊಸ ಬಲಿಪೀಠದ ಕೆಳಗೆ ಕೂರಿಸಲು ವಾಮನಪ್ಪ ಗುಡಿಗಾರರು ಹಲಸಿನ ಮರದಲ್ಲಿ ಒಬ್ಬ ಮನುಷ್ಯನನ್ನು ಕೆತ್ತಿದ್ದರು. ಫಾದರ್ ಕೊಟ್ಟ ಫೋಟೊದಲ್ಲಿ ಪರದೇಶದ ಹಳೆಯ ಕಲ್ಲಿನ ಇಗರ್ಜಿಯಿತ್ತು. ಅದರ ದಪ್ಪ ಗೋಡೆ, ದುಂಡು ಕಮಾನುಗಳ ನಡುವೆ ಇಂಥವನೇ ಒಬ್ಬ ಬೆನ್ನ ಮೇಲೆ ಕಂಬ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ನಾಳೆ ಬಲಿಪೀಠದ ಪ್ರತಿಷ್ಠೆ. ಮೂರ್ತಿಯನ್ನು ಕೂರಿಸಿ, ಅದರ ಬೆನ್ನ ಕಂಬದ ಮೇಲೆ ಬಲಿಪೀಠದ ಹಲಗೆ ಹೊರಿಸಿ ಆಗಿತ್ತು, ಕಣ್ಣು ಮಾತ್ರ ಬಾಕಿಯಿತ್ತು.

"ಯಾಕೆ ಗುಡಿಗಾರ್ರೇ, ಕೈ ಬರ್ತಿಲ್ವಾ?" ಎಂದರು ಫಾದರ್.

"ಕಣ್ಣು ತೆರೆಸಿದ್ರೆ ಜೀವ ಬಂದ ಹಾಗೆ ಫಾದರ್. ಇಷ್ಟು ಭಾರದ ಕೆಳಗೆ ಎಚ್ಚರಾಗಿ ಎಂತ ಮಾಡ್ತಾನೆ ಇವ? ಎದ್ದು ಹೋಗೋಕಾಗ್ತದಾ?"

"ತೆರೆಸ್ದಿದ್ರೆ ಭಾರದ ಜೊತೆ ಕತ್ತಲೆನೂ ಹೊರ್ಬೇಕಲ್ಲ, ಪಾಪ."

ವಾಮನಪ್ಪ ಉಳಿ ಹಿಡಿದು ಹಲಗೆಯಡಿಗೆ ತೆವಳಿದರು. ಕಣ್ಣು ತೆರೆದ ಮೂರ್ತಿಗೆ ಮೊದಲು ಕನ್ನಡಿ ತೋರಿಸುವುದು ಅವರ ಮನೆಯ ಪದ್ಧತಿ. ಮಗಳು ಪ್ರತಿಮಾ ಕನ್ನಡಿ ಹಿಡಿದು ಬಂದಳು.

"ಬ್ಯಾಡ ಮಗಾ, ತೆಗಿ ಅದನ್ನ. ಮೊದ್ಲು ಕಾಣೋದೇ ತನ್ನ ಅವಸ್ಥೆ ಆಗೋದು ಬ್ಯಾಡ. ಆ ದೊಡ್ಡ ಬಾಗ್ಲು ತೆಗಿ."

ಬಾಗಿಲು ತೆರೆದಾಗ ಸಂಜೆಯ ಬೆಳಕು ಬಲಿಪೀಠದವರೆಗೂ ಬಂತು. ಎದುರಿನ ರಸ್ತೆಯಲ್ಲಿ ಸಿಗಂದೂರಿನ ಬಸ್ಸು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ವಾಮನಪ್ಪ ದೇವರನ್ನು ನೆನೆದು ಎರಡೂ ಕಣ್ಣು ತೆರೆಸಿದರು.

"ಅಪ್ಪಯ್ಯ, ಇನ್ನು ಬನ್ನಿ ಈಚೆ."

ಅವರು ಏಳಲು ನೋಡಿದರು. ಸೊಂಟ ಹಿಡಿದುಕೊಂಡಿತ್ತು. ಹಲಗೆ ಬೆನ್ನಿಗೆ ತಾಗಿತು.

"ಎಂತ, ಸಿಕ್ಕಿಹಾಕ್ಕೊಂಡ್ರಾ?"

"ಹ್ಞೂ ಕಣೇ. ಎಳೀಬ್ಯಾಡ, ಇರು. ಆ ಬಸ್ಸು ಹೊರಡ್ಲಿ. ಇವನೂ ನೋಡ್ತಿದಾನೆ."