ಗುಜರಿ ಕೋಟಿನ ಮೇಷ್ಟ್ರು

ಅವರು ಬರುವ ಮೊದಲು ಅವರ ಕೋಟಿನ ಸದ್ದು ಬರುತ್ತಿತ್ತು. ಇಂಜಿನಿಯರಿಂಗ್ ಕಾಲೇಜಿನ ಆ ಉದ್ದನೆಯ ಕಾರಿಡಾರಿನ ಒಂದು ತುದಿಯಲ್ಲಿ ಜಣಜಣ ಎಂದರೆ ಸಾಕು, ಇನ್ನೊಂದು ತುದಿಯ ತರಗತಿಯಲ್ಲಿ ಬೆಂಚಿನ ಮೇಲೆ ಹತ್ತಿ ಕೂತವರು ಕೆಳಗಿಳಿದು ಪುಸ್ತಕ ಬಿಚ್ಚುತ್ತಿದ್ದರು. ಬೂದುಬಣ್ಣದ ಆ ಹಳೆಯ ಕೋಟಿನ ಬಲಜೇಬಿನ ತುಂಬ ಸದಾ ಮುರಿದ ಸಾಮಾನು: ಕತ್ತು ಕಳೆದುಕೊಂಡ ಬೋಲ್ಟು, ಹಲ್ಲುದುರಿದ ಗಿಯರು, ಬಾಯಿಬಿಟ್ಟ ಸರಪಳಿಯ ಕೊಂಡಿ, ಯಾರದೋ ಸೈಕಲ್ಲಿನ ಪೆಡಲಿನ ತುಂಡು. ಆ ಭಾರಕ್ಕೆ ಬಲಭುಜ ಇಳಿದು, ಎಡಭುಜ ಏರಿ, ನಡಿಗೆ ಒಂದು ಮಗ್ಗುಲಿಗೆ ವಾಲಿ, ದೂರದಿಂದ ನೋಡಿದವರಿಗೆ ಅವರು ಕಣ್ಣಿಗೆ ಕಾಣದ ಕೊಡವೊಂದನ್ನು ಹಿಡಿದು ನೀರು ತರುತ್ತಿದ್ದಾರೆ ಅನ್ನಿಸುತ್ತಿತ್ತು. ಹುಡುಗರು ಅವರಿಗೆ ಗುಜರಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಯಾರೋ ಕಪ್ಪುಹಲಗೆಯ ಮೇಲೆ ‘ಇಲ್ಲಿ ಹಳೆ ಕಬ್ಬಿಣ ಕೊಳ್ಳಲಾಗುವುದು’ ಎಂದು ದೊಡ್ಡದಾಗಿ ಬರೆದಿಟ್ಟರೆ, ಇವರು ನಿಧಾನವಾಗಿ ಓದಿ, ಕೆಳಗೆ ‘ಮುರಿದದ್ದಾದರೆ ಮಾತ್ರ’ ಎಂದು ಸೇರಿಸಿ ಪಾಠ ಶುರುಮಾಡಿದರು.

ಕಾಲೇಜಿನ ಗೇಟಿನೆದುರು ನನ್ನದು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ಕೊನೆಯ ವರ್ಷದ ಮಕ್ಕಳು ಹೊಲಿಯಲು ತಂದ ಪ್ರಾಜೆಕ್ಟ್ ವರದಿಗಳಲ್ಲಿ ನಾನು ಓದದೆ ಸೂಜಿ ಹಾಕಿದ್ದು ಒಂದೂ ಇಲ್ಲ. ಬೇರೆ ಮೇಷ್ಟ್ರುಗಳ ಶಿಷ್ಯರ ವರದಿಯಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಜಯಭೇರಿ. ಗುಜರಿ ಮೇಷ್ಟ್ರ ಶಿಷ್ಯರದು ಹಾಗಲ್ಲ. ಅದರಲ್ಲಿ ‘ಎಲ್ಲಿ ಕೆಟ್ಟಿತು’ ಎಂಬ ಅಧ್ಯಾಯವೇ ಎಲ್ಲಕ್ಕಿಂತ ದಪ್ಪ, ಓದಲು ರುಚಿಯೂ ಅದರಲ್ಲೇ. ಹೀಗೆ ಮೊದಲು ಅವರ ಶಿಷ್ಯರ ಬರಹದ ಪರಿಚಯ, ಆಮೇಲೆ ಕೋಟಿನದು, ಕೊನೆಗೆ ಮನುಷ್ಯನದು.

ಅವರು ಕಲಿಸುತ್ತಿದ್ದದ್ದು ಯಂತ್ರಗಳ ವಿನ್ಯಾಸ. ಜೇಬಿಗೆ ಕೈಹಾಕಿ ಸಿಕ್ಕಿದ್ದೊಂದನ್ನು ಮುಂದಿನ ಬೆಂಚಿನ ಮೇಲಿಟ್ಟು, “ಇದು ಯಾಕೆ ಮುರೀತು?” ಎಂದು ಕೇಳಿ ಕಿಟಕಿಯ ಬಳಿ ಹೋಗಿ ನಿಲ್ಲುವರು. ತುಂಡು ಕೈಯಿಂದ ಕೈಗೆ ಸಾಗಬೇಕು. ಮುರಿದ ಮುಖವನ್ನು ಬೆಳಕಿಗೆ ಹಿಡಿಯಬೇಕು, ಬೆರಳಿಂದ ಸವರಬೇಕು, ಬೇಕಾದರೆ ಮೂಸಬೇಕು. ಸಾಕಾಗಿ ಯಾರಾದರೂ, “ಗೊತ್ತಾಗ್ಲಿಲ್ಲ ಸಾರ್, ನೀವೇ ಹೇಳಿಬಿಡಿ” ಎಂದರೆ, ತಿರುಗಿಯೂ ನೋಡದೆ, “ನನ್ನನ್ನ ಯಾಕಯ್ಯಾ ಕೇಳ್ತೀಯ? ಅದನ್ನೇ ಕೇಳು” ಎನ್ನುವರು. ಈ ‘ಅದನ್ನೇ ಕೇಳು’ ಅವರ ನಾಲಿಗೆಗೆ ಅಂಟಿಕೊಂಡ ಮಾತು. ಲೆಕ್ಕ ಸರಿಯೇ ಎಂದು ಕೇಳಿದರೂ ಅದೇ, ಮೋಟರು ಏಕೆ ಬಿಸಿಯಾಗುತ್ತಿದೆ ಎಂದರೂ ಅದೇ. ಮನೆಯಲ್ಲಿ ಹೆಂಡತಿ, “ಈ ಹಾಲು ಕೆಟ್ಟಿದೆಯಾ ನೋಡ್ರೀ” ಎಂದಾಗಲೂ ಪತ್ರಿಕೆಯಿಂದ ತಲೆಯೆತ್ತದೆ, “ಅದನ್ನೇ ಕೇಳು” ಎಂದರಂತೆ. ಆಕೆ ಲೋಟವನ್ನು ತಂದು ಮುಂದಿಟ್ಟು, “ಕೇಳಿದೆ. ಮೊದಲು ಯಜಮಾನ್ರಿಗೆ ಕುಡಿಸಿ ನೋಡು ಅಂತು” ಎಂದರಂತೆ.

ಆ ತಾಯಿಯದು ಇನ್ನೊಂದು ಕಥೆ. ಕೋಟಿನ ಜೇಬು ವರ್ಷಕ್ಕೊಮ್ಮೆ ಕಿತ್ತುಬರುತ್ತಿತ್ತು. ಕೊನೆಗೆ ಆಕೆ ನನ್ನಲ್ಲಿಗೇ ಬಂದು, ರಟ್ಟಿನ ಬೆನ್ನಿಗೆ ಹಾಕುವ ದಪ್ಪ ಬಟ್ಟೆಯನ್ನು ಕೇಳಿ ಪಡೆದು ಒಳಗಡೆ ಹೊಲಿದರು. “ಎಲ್ಲರ ಮನೇಲೂ ಬಟ್ಟೆ ಒಗೀತಾರೆ ಅಣ್ಣ, ನಮ್ಮನೇಲಿ ಮೊದಲು ಗಣಿ ಅಗೀಬೇಕು” ಎಂದು ಗೊಣಗಿದರೂ, ಅಗೆದು ತೆಗೆದ ಯಾವ ಚೂರನ್ನೂ ಆಕೆ ಎಸೆದವರಲ್ಲ. ಒಂದು ತಟ್ಟೆಯಲ್ಲಿ ಹರವಿಟ್ಟು, ಕೋಟು ಒಣಗಿದ ಮೇಲೆ ಮತ್ತೆ ಅದೇ ಜೇಬಿಗೆ ತುಂಬುತ್ತಿದ್ದರು.

ಶನಿವಾರ ಮಧ್ಯಾಹ್ನವಾದರೆ ಮೇಷ್ಟ್ರು ಕೊನೆಯ ವರ್ಷದ ಒಂದು ಗುಂಪನ್ನು ಕಟ್ಟಿಕೊಂಡು ಬಸ್ ಡಿಪೋದ ಹಿಂದಿನ ಪ್ರಾಥಮಿಕ ಶಾಲೆಗೆ ಹೊರಡುತ್ತಿದ್ದರು. ಕಾಲೇಜಿನ ಕಲಿಕೆ ನಾಲ್ಕು ಜನರಿಗೆ ಮುಟ್ಟಬೇಕು ಎಂಬುದು ನೆಪ. ನಾಲ್ಕು ಜನ ತಮ್ಮ ಹುಡುಗರನ್ನು ಮುಟ್ಟಬೇಕು ಎಂಬುದು ಅವರ ಒಳಗಿನ ಹಟ. ಮೊದಲ ಕೆಲವು ವಾರ ಯಾರೂ ಸ್ಪ್ಯಾನರು ಹಿಡಿಯುವಂತಿಲ್ಲ, ಗೆರೆ ಎಳೆಯುವಂತಿಲ್ಲ. ಸುಮ್ಮನೆ ಕೂತು ನೋಡಬೇಕು, ಮಕ್ಕಳು ಕೇಳಿದ್ದಕ್ಕೆ ಉತ್ತರ ಹೇಳಬೇಕು. “ನಾವು ಇಂಜಿನಿಯರುಗಳಾ, ಪತ್ತೇದಾರರಾ ಸಾರ್?” ಎಂದು ಹುಡುಗರು ರೇಗುತ್ತಿದ್ದರು. ಒಮ್ಮೆ ತರಗತಿಗೇ ಮೊದಲಿಗನಾದವನೊಬ್ಬ ಪಂಪಿನ ಬಗ್ಗೆ ಭಾರೀ ಭಾಷಣ ಬಿಗಿಯುತ್ತಿದ್ದಾಗ, ಮೂಗು ಸುರಿಸುತ್ತಿದ್ದ ಪುಟಾಣಿಯೊಂದು, “ಅಣ್ಣ, ನೀರಿಗೆ ತಾನಾಗೇ ಮೇಲೆ ಹೋಗಕ್ಕೆ ಯಾಕೆ ಇಷ್ಟ ಇಲ್ಲ?” ಎಂದು ಕೇಳಿತು. ಅಣ್ಣ ತಿರುಗಿ ಮೇಷ್ಟ್ರ ಮುಖ ನೋಡಿದ. ಹಿಂದಿನಿಂದ ಮೇಷ್ಟ್ರು ಕೂಗಿದರು: “ಅದನ್ನೇ ಕೇಳು ಅಂದುಬಿಟ್ಟೀಯ ಮತ್ತೆ! ಅದು ನನ್ನ ಮಾತು. ನೀನು ಉತ್ತರ ಹೇಳು.”

ಆ ವರ್ಷ ಗುಂಪಿನಲ್ಲಿ ಒಬ್ಬ ಹುಡುಗಿಯಿದ್ದಳು; ನಕ್ಷೆ ಬರೆಯಲು ಕೂತರೆ ಕಾಗದವೇ ಉಸಿರು ಬಿಗಿಹಿಡಿಯಬೇಕು, ಅಂಥ ಕೈ. ಶಾಲೆಯ ಚಾವಣಿಯ ತೊಟ್ಟಿಗೆ ನೀರೇರದೆ, ಮಕ್ಕಳು ಶೌಚಾಲಯಕ್ಕೆ ಬಕೆಟ್ಟು ಹೊತ್ತು ಅರ್ಧ ನೀರನ್ನು ಕಾಲಿನ ಮೇಲೆ ಚೆಲ್ಲಿಕೊಳ್ಳುವುದನ್ನು ವಾರಗಟ್ಟಲೆ ನೋಡಿದವಳಿಗೆ ಒಂದು ಉಪಾಯ ಹೊಳೆಯಿತು. ಅಂಗಳದಲ್ಲೊಂದು ಸೀಸಾ ಹಲಗೆ. ಮಕ್ಕಳು ಆಚೆ ಈಚೆ ಕೂತು ಏರಿಳಿದಂತೆಲ್ಲ ಅದರಡಿಯ ಪಂಪು ನೆಲದ ನೀರನ್ನು ಚಾವಣಿಗೆ ನೂಕಬೇಕು. ನಕ್ಷೆ ನೋಡಿದ ಮೇಷ್ಟ್ರು ಎಂದೂ ಇಲ್ಲದ ಹಾಗೆ ಅದರ ಅಂಚಿನಲ್ಲಿ ‘ಸೊಗಸಾಗಿದೆ’ ಎಂದು ಬರೆದು ಸಹಿ ಹಾಕಿದರು. ಹುಡುಗರೆಲ್ಲ ಸೇರಿ ಅದನ್ನು ಕಟ್ಟಿದರು. ಆಟ ಹೆಚ್ಚಿದಷ್ಟೂ ನೀರು ಹೆಚ್ಚು. ತೊಟ್ಟಿ ತುಂಬಿ ಚೆಲ್ಲಿದ ದಿನ ಶಾಲೆಯ ದೊಡ್ಡಮೇಡಂ, “ಇನ್ನು ಈ ಮಕ್ಕಳನ್ನ ತರಗತಿಯೊಳಗೆ ಕೂರಿಸೋಕೂ ಒಂದು ಯಂತ್ರ ಮಾಡಿಕೊಡಿ” ಎಂದು ನಕ್ಕರು.

ಕೆಲವು ತಿಂಗಳು ಕಳೆದು, ಒಂದು ಬೆಳಿಗ್ಗೆ, ಹಲಗೆ ಏರಿದ್ದ ಹೊತ್ತಿನಲ್ಲೇ ಅದರ ನಡುವಿನ ಕೀಲು ಮುರಿಯಿತು. ಮೇಲಿದ್ದ ಮಕ್ಕಳು ಕೆಳಗೆ ಬಂದರು. ಉಳಿದವರಿಗೆ ಮಂಡಿ ತರಚಿದ್ದಷ್ಟೇ. ಒಬ್ಬ ಬಸ್ ಚಾಲಕನ ಮಗಳಿಗೆ ಮಾತ್ರ ಮುಂಗೈ ಮೂಳೆ ಮುರಿಯಿತು.

ಸುದ್ದಿ ಕಾಲೇಜಿಗೆ ಬರುವ ಹೊತ್ತಿಗೆ ಇಲಿ ಹುಲಿಯಾಗಿತ್ತು. ಪ್ರಿನ್ಸಿಪಾಲರು ಕೆಟ್ಟವರಲ್ಲ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾಣತನದವರು. ಮೇಷ್ಟ್ರನ್ನು ಕೋಣೆಗೆ ಕರೆಸಿದರು. ಅಲ್ಲಿ ನಡೆದದ್ದನ್ನು ಆಮೇಲೆ ಮೇಷ್ಟ್ರೇ ನನಗೆ ಹೇಳಿದ್ದು.

“ಸಾರ್, ನಾನು ಸುಳ್ಳು ಹೇಳಿ ಅಂತಿಲ್ಲ. ಒಂದೊಂದು ಕಡೆ ಮೂರು ನಾಲ್ಕು ಮಕ್ಕಳು ಕೂರ್ತಿದ್ರಂತೆ. ನಿಜ ತಾನೇ? ಶಾಲೆಯವರು ಕರೆದಿರೋ ಸಭೆಯಲ್ಲಿ ಅಷ್ಟು ಹೇಳಿ ಸಾಕು.”

“ಮಕ್ಕಳು ಕೂರದೆ ಸೀಸಾ ಮೇಲೆ ಇನ್ಯಾರು ಕೂರ್ಬೇಕು? ಆಡಳಿತ ಮಂಡಳಿಯವರಾ?”

“ತಮಾಷೆ ಬೇಡ ಸಾರ್. ಹಾಗೆ ಹೇಳಿದ್ರೆ ನಿಮ್ಮ ಶನಿವಾರ ಉಳಿಯುತ್ತೆ. ತಪ್ಪು ನಮ್ಮದು ಅಂದ್ರೋ, ಮಂಡಳಿ ಅದನ್ನ ಮುಚ್ಚುತ್ತೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ.”

ಅಂದು ಸಂಜೆ ಮೇಷ್ಟ್ರು ನನ್ನ ಅಂಗಡಿಗೆ ಬಂದದ್ದೇ ನನಗೆ ತಿಳಿಯಲಿಲ್ಲ. ತಲೆಯೆತ್ತಿದರೆ ಎದುರಿಗಿದ್ದಾರೆ, ಬಲಗೈಯಿಂದ ಜೇಬನ್ನು ಹೊರಗಿನಿಂದಲೇ ಬಿಗಿಯಾಗಿ ಅದುಮಿ ಹಿಡಿದಿದ್ದಾರೆ. ಕೋಟು ಮೂಕವಾಗಿತ್ತು. ರಟ್ಟಿನ ಅಟ್ಟಿಯ ಹಿಂದಿನ ಸ್ಟೂಲಿನ ಮೇಲೆ ಕುಸಿದು, ನಡೆದದ್ದನ್ನೆಲ್ಲ ಹೇಳಿ, “ಮಕ್ಕಳು ಕೂತದ್ದು ಸುಳ್ಳೇನಲ್ಲವಲ್ಲ. ಆಯುಸ್ಸೆಲ್ಲ ಸವೆಸಿ ಕಟ್ಟಿದ್ದು ಒಂದು ಮಾತಿಗೆ ಉಳಿಯೋದಾದ್ರೆ, ಹೇಳಿಬಿಡೋಣ ಅನ್ನಿಸ್ತಿದೆ” ಎಂದರು. ನಾನು ಅಂಟು ಕಲಸುತ್ತಿದ್ದವನು ಕಲಸುತ್ತಲೇ ಇದ್ದೆ. ಕೆಲವು ಮಾತಿಗೆ ಹೂಂ ಅಂದರೂ ತಪ್ಪು, ಉಹೂಂ ಅಂದರೂ ತಪ್ಪು.

ಆಗಲೇ ಆ ನಕ್ಷೆಯ ಹುಡುಗಿ ಬಂದಳು. ಅಟ್ಟಿಯ ಹಿಂದಿದ್ದವರು ಅವಳಿಗೆ ಕಾಣಲಿಲ್ಲ.

“ತಾತ, ನನ್ನ ವರದಿ ಹೊಲೀಬೇಡಿ. ವಾಪಸ್ ಕೊಡಿ.”

“ಯಾಕಮ್ಮ? ಪುಟ ತಪ್ಪಿದೆಯಾ?”

“ದಾರಿ ತಪ್ಪಿದೆ. ನಾನು ಓದು ಬಿಡ್ತಿದೀನಿ. ಆ ಮಗು ಕೈ ಮುರಿದದ್ದು ನಾನು.”

ಅಟ್ಟಿಯ ಹಿಂದಿನಿಂದ ಮೆಲ್ಲಗೆ ದನಿ ಬಂತು: “ಯಾಕೆ ಮುರೀತು ಕಣಮ್ಮ, ಕೀಲು?”

ಹುಡುಗಿ ಬೆಚ್ಚಿದಳು. ಬ್ಯಾಗಿನೊಳಗಿಂದ ಕೀಲಿನ ಎರಡು ತುಂಡುಗಳನ್ನು ತೆಗೆದು, ಅವು ಬೆಂಕಿಯೇನೋ ಎಂಬಂತೆ ನನ್ನ ಮೇಜಿನ ಮೇಲಿಟ್ಟಳು. “ಅದನ್ನೇ ಕೇಳಿದೆ ಸಾರ್. ಮೂಲೆ ಅಂತು. ದಪ್ಪ ಭಾಗ ಸಣ್ಣಗಾಗೋ ಕಡೆ ಮೂಲೆ ಚೂಪಾಗಿತ್ತು. ಅಲ್ಲಿಂದಲೇ ಸೀಳು ಹೊರಟಿದೆ. ನೀವು ಮೊದಲನೇ ಪಾಠದಲ್ಲೇ ಹೇಳಿದ್ರಿ, ಮೂಲೆ ಗುಂಡಗಿರಲಿ ಅಂತ. ನಕ್ಷೆ ಚೆನ್ನಾಗಿ ಕಾಣ್ಲಿ ಅಂತ ನಾನು ಚೂಪಾಗಿ ಎಳೆದೆ. ಲೇತ್ ಮಿಷಿನ್ನಲ್ಲಿ ಹುಡುಗರು ಇದ್ದ ಹಾಗೇ ಕಡೆದ್ರು.”

ಮೇಷ್ಟ್ರು ತುಂಡುಗಳನ್ನು ಎತ್ತಿ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವನ್ನು ಜೇಬಿಗೆ ಹಾಕಿಕೊಂಡು ಎದ್ದರು. ಅವರು ರಸ್ತೆ ದಾಟುವಾಗ ಕೋಟು ಮತ್ತೆ ಜಣಜಣ ಎನ್ನುತ್ತಿತ್ತು. ಹುಡುಗಿಗೆ ನಾನು, “ವರದಿ ಇನ್ನೂ ಕತ್ತರಿಸಿಲ್ಲ ತಾಯಿ, ಹುಡುಕಿಡ್ತೀನಿ, ಸಭೆ ಮುಗಿದ ಮೇಲೆ ಬಾ” ಎಂದು ಹೇಳಿ ಕಳಿಸಿದೆ. ಕತ್ತರಿಸಿದ್ದೂ ಆಗಿತ್ತು, ಹೊಲಿದದ್ದೂ ಆಗಿತ್ತು.

ಆ ಸಭೆಗೆ ನನಗೇನೂ ಕರೆಯಿರಲಿಲ್ಲ. ಶಾಲೆಯ ಹರಿದ ಪುಸ್ತಕಗಳಿಗೆ ರಟ್ಟು ಹಾಕಿದ್ದೆನಲ್ಲ, ಅವನ್ನು ಒಪ್ಪಿಸುವ ನೆಪದಲ್ಲಿ ಹೋಗಿ ಹಿಂದಿನ ಪುಟ್ಟ ಬೆಂಚಿನಲ್ಲಿ ಮಂಡಿ ಮಡಚಿ ಕೂತೆ. ಮುಂದೆ ಪ್ರಿನ್ಸಿಪಾಲರು, ಮಂಡಳಿಯ ಒಬ್ಬರು, ದೊಡ್ಡಮೇಡಂ. ಒಂದು ಪಕ್ಕದಲ್ಲಿ ಆ ಬಸ್ ಚಾಲಕ, ಖಾಕಿ ಅಂಗಿಯಲ್ಲೇ. ಅವನ ತೊಡೆಗೊರಗಿ ಕೈಗೆ ಪಟ್ಟಿ ಕಟ್ಟಿಸಿಕೊಂಡ ಮಗಳು. ಗೋಡೆಗೆ ಅಂಟಿಕೊಂಡಂತೆ ನಕ್ಷೆಯ ಹುಡುಗಿ.

“ಹೇಳಿ ಸಾರ್, ಯಾಕೆ ಮುರೀತು?” ಎಂದರು ಪ್ರಿನ್ಸಿಪಾಲರು, ಉತ್ತರವನ್ನು ತಾವೇ ಬಾಯಿಗಿಡುವವರಂತೆ.

ಮೇಷ್ಟ್ರು ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟರು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಇನ್ನೇನು ‘ಅದನ್ನೇ ಕೇಳಿ’ ಎನ್ನುತ್ತಾರೆ, ಅದು ತನ್ನ ಹೆಸರು ಹೇಳುತ್ತದೆ ಎಂದು ಕಾದವಳ ಹಾಗೆ.

“ಎಲ್ಲರಿಗೂ ಅದನ್ನೇ ಕೇಳಿ ಅಂತಿದ್ದೆ,” ಎಂದರು ಮೇಷ್ಟ್ರು. “ಈ ಸಲ ಅದನ್ನ ಕೇಳ್ಬೇಡಿ. ನನ್ನನ್ನ ಕೇಳಿ. ಮಕ್ಕಳು ಮೂರು ಜನ ಕೂತ್ರೂ, ಆರು ಜನ ಕೂತ್ರೂ ತಡೀಬೇಕು ಅಂತಲೇ ಮಾಡಿದ್ದು. ಮೂಲೆ ಚೂಪಾಗಿತ್ತು. ಕಲಿಯೋರು ಚೂಪಾಗೇ ಎಳೀತಾರೆ. ಅದನ್ನ ಹಿಡಿಯೋಕೆ ಅಂತಲೇ ಅಲ್ಲವಾ ಮೇಷ್ಟ್ರು ಅಂತ ಒಬ್ಬನನ್ನ ಇಟ್ಟಿರೋದು? ನಕ್ಷೆಯ ಅಂದಕ್ಕೆ ಮರುಳಾಗಿ ನಾನು ಮೂಲೆ ನೋಡ್ಲಿಲ್ಲ. ಸಹಿ ನನ್ನದು.”

ಪ್ರಿನ್ಸಿಪಾಲರು ಚಾವಣಿ ನೋಡಿದರು. ಮಂಡಳಿಯವರು ಕೆಮ್ಮಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ನೋಡಿದ್ದೇನೆ. ಯಾರೂ ಕರೆಯುವ ಮೊದಲೇ ಹೆಗಲು ತೋರಿಸಿದವರನ್ನು ನಾನು ಕಂಡದ್ದು ಅಂದೇ.

ಚಾಲಕ ಎದ್ದುಬಂದು ಒಂದು ತುಂಡನ್ನು ಕೈಗೆತ್ತಿಕೊಂಡ. “ಎಷ್ಟು ದಿನದಿಂದ ಸೀಳ್ತಾ ಇತ್ತು ಇದು?”

“ಹಾಕಿದ ದಿನದಿಂದಲೇ. ನೋಡಿ, ಇಲ್ಲಿವರೆಗೆ ನುಣ್ಣಗಿದೆಯಲ್ಲ, ಚಿಪ್ಪಿನ ಮೇಲಿರೋ ಗೆರೆಗಳ ಹಾಗೆ, ಅಷ್ಟೂ ದಿನದಿನಾ ಸೀಳಿದ್ದು. ಈ ಒರಟು ಭಾಗ ಇದೆಯಲ್ಲ, ಇದಷ್ಟೇ ಅವತ್ತು ಬೆಳಿಗ್ಗೆ ಮುರಿದದ್ದು.”

ಆಗ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ, ತರಗತಿಯಲ್ಲಿ ಕೇಳುವ ಹಾಗೆ ಆ ಮಗು ಕೇಳಿತು: “ಸಾರ್, ಹೊಸದು ಯಾವಾಗ ಹಾಕ್ತೀರಾ?”

“ಮೊದಲು ನಿನ್ನ ಕೈ ಕೂಡ್ಲಿ, ಕೋತಿ,” ಎಂದ ಅಪ್ಪ. ಆಮೇಲೆ ತುಂಡನ್ನು ಮೇಷ್ಟ್ರ ಅಂಗೈಯಲ್ಲಿಟ್ಟು, ಅವರ ಮುಖವನ್ನೇ ನೋಡುತ್ತ, “ಹಾಕಿ. ಆದ್ರೆ ಮೊದಲು ನೀವು ಕೂತ್ಕೊಂಡು ತೋರಿಸ್ಬೇಕು” ಎಂದ.

ಮಂಡಳಿ ಆಡಿದಂತೆ ಮಾಡಿತು; ಶನಿವಾರದ ಕೆಲಸಕ್ಕೆ ಕಾಲೇಜಿನ ಬಾಗಿಲು ಮುಚ್ಚಿತು. ಅಷ್ಟು ವರ್ಷದ ಬೆಳೆ ಒಂದೇ ಹೊಡೆತಕ್ಕೆ ನೆಲಕಚ್ಚಿತಲ್ಲ ಎಂದು ನಾನು ನೊಂದುಕೊಂಡರೆ, ದೊಡ್ಡಮೇಡಂ ಮಾತ್ರ ಮೇಷ್ಟ್ರಿಗೆ, “ಕಾಲೇಜಿನವರಾಗಿ ಬರೋ ಹಾಗಿಲ್ಲ ಅಂದ್ರೆ ನೆಂಟರಾಗಿ ಬನ್ನಿ, ನಮ್ಮ ಗೇಟಿಗೆ ಮಂಡಳಿ ಇಲ್ಲ” ಎಂದು ಹೇಳಿಕಳಿಸಿದರು. ಹೊಸ ಕೀಲನ್ನು ನಕ್ಷೆಯ ಹುಡುಗಿಯೇ ಲೇತಿನ ಮುಂದೆ ನಿಂತು ಕಡೆದಳು. ಮೂಲೆ ಮಗುವಿನ ಕೆನ್ನೆಯ ಹಾಗೆ ಗುಂಡಗಿತ್ತು. ಓದು ಬಿಡುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ; ವರದಿಗೆ ಮಾತ್ರ ‘ಎಲ್ಲಿ ಕೆಟ್ಟಿತು’ ಎಂಬ ಅಧ್ಯಾಯವೊಂದನ್ನು ತಂದು, ಹೊಲಿದದ್ದನ್ನು ನನ್ನಿಂದ ಬಿಚ್ಚಿಸಿ ಸೇರಿಸಿದಳು.

ಕೈ ಕೂಡಿದ ಮಗುವಿನ ಸಮ್ಮುಖದಲ್ಲಿ, ಶಾಲೆಯೆಲ್ಲ ಸುತ್ತುಗಟ್ಟಿ ನಿಂತಿರಲು, ಹಲಗೆಯ ಒಂದು ತುದಿಗೆ ಹುಡುಗಿ, ಇನ್ನೊಂದು ತುದಿಗೆ ಮೇಷ್ಟ್ರು ಕೂತರು. ಮೇಷ್ಟ್ರ ಕಡೆ ನೆಲ ಮುಟ್ಟಿತು, ಹುಡುಗಿ ಆಕಾಶದಲ್ಲಿ. ಎಷ್ಟು ಕಾಲೊದೆದರೂ ಮೇಷ್ಟ್ರು ಏಳಲೊಲ್ಲರು. “ಕೋಟು ತೆಗೀರಿ ಸಾರ್!” ಎಂದು ಆ ಮಗು ಚೀರಿತು. ಮಕ್ಕಳೆಲ್ಲ ಒಂದೇ ಕೊರಳಲ್ಲಿ, “ಕೋಟು! ಕೋಟು!” ಎಂದವು. ಮೇಷ್ಟ್ರು ನಾಚಿ, ಕೋಟು ಕಳಚಿ ನನ್ನ ಕೈಗಿತ್ತರು. ಹಲಗೆ ಏರಿತು, ಇಳಿಯಿತು, ಮತ್ತೆ ಏರಿತು. ಚಾವಣಿಯ ತೊಟ್ಟಿಯಲ್ಲಿ ನೀರು ಬಿದ್ದ ಸದ್ದು ಕೇಳಿಸಿತು. ನಾನು ಕೋಟು ಹಿಡಿದು ನಿಂತಿದ್ದೆ. ಅದು ಅಷ್ಟು ಭಾರವಿರುತ್ತದೆಂದು ನಾನು ಎಣಿಸಿರಲಿಲ್ಲ. ಒಳಗೆ ಕೈಯಿಟ್ಟರೆ, ಎಲ್ಲಕ್ಕೂ ಮೇಲೆ, ಆ ಹಳೆಯ ಕೀಲಿನ ಒಂದು ತುಂಡು. ಇನ್ನೊಂದು ತುಂಡು ನಕ್ಷೆಯ ಹುಡುಗಿಯ ಬಳಿ ಇತ್ತು.

ಗೆದ್ದದ್ದನ್ನು ಎದೆಯ ಮೇಲೆ ತೂಗಿಬಿಟ್ಟುಕೊಂಡು ನೆಟ್ಟಗೆ ನಡೆಯುವವರು ಈ ಲೋಕದಲ್ಲಿ ಬೇಕಾದಷ್ಟು ಮಂದಿ. ಅವರ ಭಾವಚಿತ್ರಗಳನ್ನು ಗೋಡೆಗಳು ಹೊರುತ್ತವೆ. ಮುರಿದದ್ದನ್ನು, ಅದರಲ್ಲೂ ತಮ್ಮ ಕೈಯಲ್ಲೇ ಮುರಿದದ್ದನ್ನು ಜೇಬಿನಲ್ಲಿಟ್ಟುಕೊಂಡು ಒಂದು ಮಗ್ಗುಲಿಗೆ ವಾಲಿ ನಡೆಯುವವರು ಅಲ್ಲೊಬ್ಬರು ಇಲ್ಲೊಬ್ಬರು. ಅಂಥವರ ಹಿಂದೆ ಒಂದಷ್ಟು ದೂರ ನಡೆದ ಮಕ್ಕಳು ಮುಂದೆ ಎಲ್ಲೆಲ್ಲೋ ಏನೇನೋ ಕಟ್ಟುತ್ತಾರೆ. ನಾವು ಮೈಮರೆತು ದಾಟುವ ಸೇತುವೆ, ಕಣ್ಣು ಮುಚ್ಚಿ ಕೂರುವ ಬಸ್ಸು, ಮಗುವನ್ನು ಎತ್ತಿ ಕೂರಿಸುವ ಹಲಗೆ ಇವೆಲ್ಲ ನೆಟ್ಟಗೆ ನಿಂತಿರುವುದು, ಹಾಗೆ ವಾಲಿ ನಡೆದವರು ಎಲ್ಲೋ ಇದ್ದದ್ದರಿಂದ.