ಮೊಣಕಾಲಿನಿಂದ ಮೇಲಿನ ಗೋಡೆ

ಬಿಕಾಜಾನ್ ತನ್ನ ಮನೆಯ ಬೀದಿಬದಿಯ ಗೋಡೆಯ ಬುಡದಲ್ಲಿ ಉಗುರಿನಿಂದ ಒಂದು ಚೂರು ಮಣ್ಣು ಕೆರೆದು ನಾಲಿಗೆಯ ಮೇಲಿಟ್ಟುಕೊಂಡಳು. ಥೂ ಎಂದು ಉಗಿದು, ಗೇಣುದ್ದ ಮೇಲೆ ಕೆರೆದಳು. ಮತ್ತೆ ಉಗಿದಳು. ಮೂರನೆಯ ಸಲ ಉಗಿಯಲಿಲ್ಲ. ಆ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದು ಪಕ್ಕಕ್ಕೆ ಸರಿದಳು.

ಎದುರು ಮನೆಯ ಮಟ್ಯಾಕುಬ್ ಬಾಗಿಲಲ್ಲಿ ನಿಂತು ಇದನ್ನೇ ನೋಡುತ್ತಿದ್ದ. ಊರಿನ ಹೊಲ ಯಾರಿಗೆ, ಎಷ್ಟು ಎಂದು ಹಂಚುವವನು ಅವನೇ. ಎಲ್ಲರೂ 'ಆಕಾ', ಅಂದರೆ ಅಣ್ಣಾ, ಎಂದು ಕರೆಯುವ ಅವನಿಗೆ ಎದುರಾಡುವವರು ಊರಲ್ಲಿ ಕಡಿಮೆ.

"ಏನಮ್ಮಾ, ಮನೇಲಿ ರೊಟ್ಟಿ ಮುಗೀತಾ? ಗೋಡೆ ತಿನ್ನೋಕೆ ಶುರು ಮಾಡಿದೀಯ?"

"ರೊಟ್ಟಿ ಇದೆ, ಆಕಾ. ಗೋಡೆ ನನಗಲ್ಲ, ಕರಬೂಜದ ಬಳ್ಳಿಗೆ."

"ನೋಡು, ಬಿಳಿ ಗೊಬ್ಬರದ ಮೂಟೆ ಬಂದಿದೆ. ಊರವರೆಲ್ಲ ಸಹಿ ಹಾಕಿ ಒಯ್ದರು, ನಿನ್ನದೊಂದೇ ಬಾಕಿ. ಕಾಯಿ ಕಚ್ಚೋ ಹೊತ್ತಿಗೆ ಬಂದು ನೋಡ್ತೀನಿ. ಬಳ್ಳಿ ಸೊರಗಿತ್ತೋ, ಬೀಳು ಬಿಟ್ಟಿದಾಳೆ ಅಂತ ಬರೆದು ಹೊಲ ಬೇರೆಯವರಿಗೆ ಕೊಟ್ಟುಬಿಡ್ತೀನಿ. ಆಮೇಲೆ ಅತ್ತು ಕರೆದು ಮಾಡ್ಬೇಡ."

"ಮೂರು ವರ್ಷ ಹಾಕಿದ್ನಲ್ಲ ನಿಮ್ಮ ಬಿಳಿ ಗೊಬ್ಬರಾನ! ಕಾಯಿ ಏನೋ ಕುರಿಮರಿ ಗಾತ್ರ ಆಯ್ತು. ಚಳಿಗಾಲಕ್ಕೆ ಅಂತ ಜೊಂಡಿನ ಜೋಲಿಗೆ ಕಟ್ಟಿ ತೂಗುಹಾಕಿದ್ರೆ ಹತ್ತು ದಿನಕ್ಕೆ ಕೊಳೆತು ನೆಲಕ್ಕೆ ಬಿತ್ತು. ನಮ್ಮ ಮಾವನ ಕಾಯಿ ಚಳಿಗಾಲ ಕಳೆದು ನವ್‌ರೋಜ್ ಹಬ್ಬದ ತನಕ ತೂಗಾಡ್ತಿತ್ತು."

"ನನ್ನ ತಮ್ಮನೂ ಹಿಂಗೇ ಗೋಡೆ ಪುರಾಣ ಹೇಳ್ಕೊಂಡು ಕೆಡವಿ ಹೊಲಕ್ಕೆ ಸುರಿದ. ಹೊಲವೆಲ್ಲ ಬೆಳ್ಳಗೆ ಉಪ್ಪಾಯ್ತು."

"ಬುಡ ಸಮೇತ ಸುರಿದ್ರೆ ಇನ್ನೇನಾಗುತ್ತೆ? ಬುಡ ನೆಲದ ಉಪ್ಪು ಕುಡಿದಿರುತ್ತೆ. ಮೇಲಿಂದು ಹೊಗೆ ಕುಡಿದಿರುತ್ತೆ. ನಾಲಿಗೆ ಇರೋದು ಬರೀ ಮಾತಾಡೋಕಲ್ಲ, ಆಕಾ."

ಮಟ್ಯಾಕುಬ್ ಮುಖ ಕೆಂಪಗೆ ಮಾಡಿಕೊಂಡು ಬಾಗಿಲು ಹಾಕಿಕೊಂಡ.

ಬಾಯಿ ಜೋರು ಮಾಡಿದಳೇ ಹೊರತು ಬಿಕಾಜಾನ್‌ಗೆ ಹೆದರಿಕೆ ಇದ್ದೇ ಇತ್ತು. ಗಂಡ ಸತ್ತ ಮೇಲೆ ಆ ಹೊಲವೇ ಅವಳಿಗೂ ಅತ್ತೆಗೂ ಅನ್ನ. ಇದ್ದೊಂದು ಹಸುವಿನ ಸಗಣಿ ಬೆರಣಿಯಾಗಿ ಚಳಿಗಾಲದ ಒಲೆಗೆ ಹೋಗುತ್ತಿತ್ತು. ಹೊಲಕ್ಕೆ ಹಾಕಲು ಉಳಿದದ್ದು ಈ ಹಳೆಯ ಮಣ್ಣುಗೋಡೆಯೊಂದೇ. ಮಾವ ಸಗಣಿ, ಹುಲ್ಲು ಕಲಸಿ ಕಟ್ಟಿದ್ದು. ಒಳಬದಿಗೆ ಅರವತ್ತು ವರ್ಷ ದನ ಕಟ್ಟಿ, ರೊಟ್ಟಿಯ ಒಲೆ ಉರಿಸಿದ್ದು. ಅದು ಹೋದರೆ ಅಂಗಳ, ಒಲೆ, ಒಣಹಾಕಿದ ಬಟ್ಟೆ ಎಲ್ಲ ಬೀದಿಗೆ ಬಟಾಬಯಲು. ಆ ಬೀದಿಯಲ್ಲಿ ಗೋಡೆಯಿಲ್ಲದೆ ಬಾಳಿದ ಹೆಂಗಸು ಒಬ್ಬಳೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಗುದ್ದಲಿ ಏಟು ಬೀಳುತ್ತಲೇ ಅತ್ತೆ ಓಗುಲ್ಬಿಕಾ ಕೋಲೂರಿಕೊಂಡು ಹೊರಗೆ ಬಂದಳು.

"ನನ್ನ ಗಂಡ ಕಟ್ಟಿದ್ದು ಕಣೇ ಅದು! ಬೀದೀಲಿ ಹೋಗೋರೆಲ್ಲ ನಾನು ಹಲ್ಲುಸೆಟ್ಟು ಬಿಚ್ಚೋದನ್ನ ನೋಡ್ಬೇಕೇನೆ?"

"ನೋಡ್ಲಿ ಬಿಡಿ, ಅತ್ತೆ! ಹೊಲ ಕಳ್ಕೊಂಡು ಈ ಗೋಡೆ ಮರೇಲಿ ಕೂತು ಏನು ತಿನ್ನೋಣ, ಹೇಳಿ?" ಬಿಕಾಜಾನ್ ಮತ್ತೆ ಗುದ್ದಲಿ ಎತ್ತಿದಳು. "ನನಗೂ ನಾಚಿಕೆ ಆಗುತ್ತೆ. ಆದ್ರೂ ಕೆಡವ್ತೀನಿ."

ಮುದುಕಿ ಗೋಡೆಯ ಹತ್ತಿರ ಬಂದು ಬಗ್ಗಿ, ಇದ್ದಿಲ ಗೆರೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಚಪ್ಪರಿಸಿದಳು.

"ಇಲ್ಲಿ ತಪ್ಪಿದೀಯ. ನಾಲ್ಕು ಬೆರಳು ಮೇಲೆ ಎಳಿ ಗೆರೇನ. ಹಲ್ಲು ಹೋಗಿದೆ ನನಗೆ, ನಾಲಿಗೆ ಹೋಗಿಲ್ಲ."

ನಾಲ್ಕು ದಿನ ಕೆಡವಿದರು. ಹೆಂಟೆ ಒಡೆದು, ಒಲೆಯ ಬೂದಿ, ಕೊಟ್ಟಿಗೆಯ ಕಸ ಬೆರೆಸಿ, ಕತ್ತೆಗಾಡಿಯಲ್ಲಿ ಹೊಲಕ್ಕೆ ಹೊತ್ತು, ಗುಣಿಗೊಂದು ಬುಟ್ಟಿಯಂತೆ ಸುರಿದರು. ಉಪ್ಪು ಹಿಡಿದ ಬುಡವನ್ನು ಮುಟ್ಟಲಿಲ್ಲ. ಅದು ಮೊಣಕಾಲೆತ್ತರಕ್ಕೆ ಬೀದಿಯುದ್ದಕ್ಕೂ ಉಳಿಯಿತು. ಮೊದಮೊದಲು ಮುಖಕ್ಕೆ ಸೆರಗು ಎಳೆದು ಓಡಾಡುತ್ತಿದ್ದ ಮುದುಕಿ, ಹದಿನೈದು ದಿನ ಕಳೆಯುವಷ್ಟರಲ್ಲಿ ಆ ಮೋಟುಗೋಡೆಯ ಮೇಲೇ ಕೂತು ಚಹಾ ಕುಡಿಯುತ್ತಿದ್ದಳು. "ಏನ್ರೋ ನೋಡ್ತೀರಾ? ಹೆಂಗಸರು ಚಹಾ ಕುಡಿಯೋದು ನೋಡಿಲ್ವಾ?" ಎಂದು ಗದರಿದರೆ, ಕಣ್ಣು ತಗ್ಗಿಸಿಕೊಂಡು ಹೋಗುವ ಸರದಿ ಬೀದಿಯವರದು.

ಕಾಯಿ ಮುಷ್ಟಿಯಷ್ಟಾದಾಗ ಮಟ್ಯಾಕುಬ್ ಕಾಗದ ಹಿಡಿದುಕೊಂಡು ಹೊಲಕ್ಕೆ ಬಂದ. ಎಲೆ ಮಗುಚಿ ನೋಡಿದ, ಬೂಟಿನ ತುದಿಯಿಂದ ಮಣ್ಣು ಕೆದಕಿದ. ಬೆಳ್ಳನೆಯ ಉಪ್ಪಿಗಾಗಿ ಸಾಲು ಸಾಲೂ ಹುಡುಕಿದ. ಪಕ್ಕದ ಹೊಲದ ಕಾಯಿಗಿಂತ ಇವಳ ಕಾಯಿ ಸಣ್ಣದೇ. ಆದರೆ ಬಳ್ಳಿ ಮಾತ್ರ ಕಡುಹಸಿರಾಗಿ ನೆಲ ಕಾಣದಂತೆ ಹಬ್ಬಿತ್ತು. ಬಿಕಾಜಾನ್ ಅವನ ಹಿಂದೆಯೇ ನಡೆಯುತ್ತಿದ್ದಳು.

ಅವನು ಏನೋ ಗೀಚಿ ಕಾಗದ ಮಡಿಚಿದ.

"ಏನು ಬರೆದ್ರಿ? ಓದಿ."

"ಸಾಗುವಳಿ ಆಗಿದೆ, ಗೊಬ್ಬರ ಹಾಕಿದೆ ಅಂತ. ಸಾಕಲ್ಲ? ಹೊಲ ನಿನ್ನದೇ ಇಟ್ಕೋ, ಮಾರಾಯ್ತಿ!"

"ಯಾವ ಗೊಬ್ಬರ?"

ಅವನು ಕಾಗದವನ್ನು ಜೇಬಿನತ್ತ ಒಯ್ದ.

"ಗೋಡೆ ಅಂತ ಬರೀರಿ, ಆಕಾ. ನೀವು ಕೊಟ್ಟ ಮೂಟೆ ಅಂತ ಯಾರೂ ತಿಳ್ಕೋಬಾರದು."

ಮಟ್ಯಾಕುಬ್ ಹಲ್ಲು ಕಚ್ಚಿಕೊಂಡು ಕಾಗದ ಬಿಚ್ಚಿದ. ಅವನು ಬರೆದು ಮುಗಿಸುವವರೆಗೂ ಬಿಕಾಜಾನ್ ಪೆನ್ನಿನ ತುದಿಯಿಂದ ಕಣ್ಣು ತೆಗೆಯಲಿಲ್ಲ.

ಸಂಜೆ ಅತ್ತೆ ಸೊಸೆ ಅಂಗಳದಲ್ಲಿ ಚಹಾಕ್ಕೆ ಕೂತಿದ್ದರು. ಎದುರು ಮನೆಯ ಬಾಗಿಲು ತೆರೆಯಿತು. ಮಟ್ಯಾಕುಬ್ ಹೊರಗೆ ಬಂದು ಬೀದಿಯ ಆ ತುದಿ, ಈ ತುದಿ ನೋಡಿದ. ಯಾರೂ ಇರಲಿಲ್ಲ. ನಲವತ್ತು ವರ್ಷ ಎದುರಿಗೆ ಗೋಡೆಯನ್ನೇ ಕಂಡವನಿಗೆ ಆ ಕಡೆಯಿಂದ ಯಾರಾದರೂ ನೋಡಬಹುದೆಂದು ಹೊಳೆಯಲಿಲ್ಲ. ತನ್ನ ಹಳೆಯ ಗೋಡೆಯತ್ತ ತಿರುಗಿ, ಬಗ್ಗಿ, ಬುಡದಲ್ಲಿ ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡ. ಥೂ ಎಂದು ಉಗಿದ.

ಓಗುಲ್ಬಿಕಾ ಏನೋ ಕೂಗಲು ಬಾಯಿ ತೆರೆದಳು. ಬಿಕಾಜಾನ್ ಅವಳ ಕೈ ಹಿಡಿದು, "ಸುಮ್ನಿರಿ ಅತ್ತೆ" ಎಂದಳು.

ಅವನು ಗೇಣುದ್ದ ಮೇಲೆ ಕೆರೆಯುತ್ತಿದ್ದ.