ಮಳೆ ಡಬ್ಬಿಗೆ ಸುರಿದ ಅರ್ಧ ಚೊಂಬು

ನಲ್ಲಿಯಲ್ಲಿ ನೀರು ಬರುವುದು ವಾರಕ್ಕೆ ಎರಡೇ ದಿನ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಲಾಂಡ್ರಿ ಇಟ್ಟವರಿಗೆ ಇದಕ್ಕಿಂತ ಕಷ್ಟ ಬೇಕೆ? ದೊಡ್ಡ ಸೊಸೆಯ ಅಂಗಡಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಗಂಟುಗಂಟಾಗಿ ಬಿದ್ದಿದ್ದವು. "ಹೀಗೇ ತಡ ಆದ್ರೆ ಬೇರೆಯವರಿಗೆ ಕೊಡ್ತೀವಿ" ಎಂದು ಆಸ್ಪತ್ರೆಯವರು ಹೇಳಿಯೂ ಹೋಗಿದ್ದರು.

ಆದರೆ ಅವಳ ಹೊಟ್ಟೆ ಉರಿಯುತ್ತಿದ್ದದ್ದು ವಾರಗಿತ್ತಿಯ ಮೇಲೆ. ಚಿಕ್ಕ ಸೊಸೆಯ ಮನೆ ಕಣಿವೆಯ ಆಚೆ ಬೆಟ್ಟದಲ್ಲಿ. ಅಲ್ಲಿ ಮೋಡ ಬಿತ್ತನೆಯ ಸಂಶೋಧನೆ ನಡೆಯುತ್ತಿತ್ತು. ಮೋಡ ಕವಿದ ದಿನ ಒಲೆಯಂಥ ಯಂತ್ರ ಹಚ್ಚಿ, ಒಂದು ಪುಡಿಯ ಹೊಗೆಯನ್ನು ಮೇಲಕ್ಕೆ ಬಿಡುತ್ತಿದ್ದರು. ದೊಡ್ಡ ಸೊಸೆಯಿದ್ದ ಈಚೆ ಬೆಟ್ಟದಲ್ಲಿ ಯಂತ್ರವಿಲ್ಲ. ಮಳೆ ಅಳೆಯುವ ಡಬ್ಬಿ ಮಾತ್ರ ಎರಡೂ ಮನೆಯ ತಾರಸಿಯ ಮೇಲಿತ್ತು. ವಾರಕ್ಕೊಮ್ಮೆ ಅಳತೆಯ ಮೇಡಂ ಬಂದು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಒಂದು ದಿನ ಚಿಕ್ಕ ಸೊಸೆಯ ಫೋನು ಬಂತು. "ಅಕ್ಕಾ, ಈ ವಾರ ನಮ್ದು ಹದಿನಾಲ್ಕು ಮಿಲಿಮೀಟರು! ನಿಮ್ದೆಷ್ಟು?"

"ಆರು."

"ಅಯ್ಯೋ ಪಾಪ!"

ಆ 'ಪಾಪ' ಕೇಳಿ ದೊಡ್ಡ ಸೊಸೆಗೆ ಮೈಯೆಲ್ಲ ಉರಿದುಹೋಯಿತು. "ನಮ್ಮ ಮೋಡ ಕದ್ದು ನನಗೇ ಪಾಪ ಅಂತಾಳೆ!"

ಗಂಡ ಇಸ್ತ್ರಿಯಿಂದ ತಲೆ ಎತ್ತಲಿಲ್ಲ. "ಮೋಡದ ಮೇಲೆ ನಿನ್ನ ಹೆಸರು ಬರೆದಿತ್ತಾ?"

ಮುಂದಿನ ವಾರ ಮೇಡಂ ಬರುವ ಮುಂಚೆ ಅವಳು ತಾರಸಿ ಹತ್ತಿ ಡಬ್ಬಿಗೆ ಅರ್ಧ ಚೊಂಬು ನೀರು ಸುರಿದಳು. ಅಳತೆ ಹದಿನಾರು ಬಂತು. ಆ ಸಂಖ್ಯೆಯನ್ನು ವಾರಗಿತ್ತಿಗೆ ಫೋನಿನಲ್ಲಿ ಹೇಳುವಾಗ ಎಂಥ ಸುಖ! ಮೂರು ವಾರ ಹೀಗೇ ನಡೆಯಿತು.

ನಾಲ್ಕನೇ ವಾರ ಅವಸರದಲ್ಲಿ ಕೈಗೆ ಸಿಕ್ಕ ಬಕೆಟ್ಟಿನಿಂದ ಚೊಂಬು ತುಂಬಿಕೊಂಡಳು. ಬಿಳಿ ಬಟ್ಟೆಗೆ ನೀಲಿ ಹಾಕಿಟ್ಟ ನೀರು ಅದು.

ಮೇಡಂ ಡಬ್ಬಿಯೊಳಗೆ ಇಣುಕಿದರು. "ಏನಮ್ಮಾ, ನಿಮ್ಮನೆ ಮೇಲೆ ನೀಲಿ ಮಳೆ ಬಿದ್ದಿದೆ?"

ದೊಡ್ಡ ಸೊಸೆ ಸಿಕ್ಕಿಬಿದ್ದಿದ್ದಳು. ಆದರೂ ಜಂಬ ಬಿಡಲಿಲ್ಲ. "ಮತ್ತೆ? ನೀವು ಅವಳಿಗೆ ಮಳೆ ಮಾಡಿ ಕೊಡ್ತೀರಾ, ನಾವು ಬಾಯಿ ಬಿಟ್ಕೊಂಡು ನೋಡ್ಬೇಕಾ?"

ಮೇಡಂ ತಾರಸಿಯ ಕಟ್ಟೆಯ ಮೇಲೆ ಕೂತರು. "ಮಳೆ ಮಾಡೋಕೆ ನಮ್ಮಿಂದ ಆಗಲ್ಲಮ್ಮ. ಮೋಡ ಇಲ್ದಿದ್ರೆ ನಾವೇನೂ ಮಾಡಕ್ಕಾಗಲ್ಲ. ಕೆಲವು ತಣ್ಣನೆ ಮೋಡದಲ್ಲಿ ನೀರು ಬೀಳ್ದೆ ತೇಲ್ತಾ ಇರುತ್ತೆ. ಪುಡಿಯ ಕಣ ಸಿಕ್ರೆ ಅದಕ್ಕೆ ಅಂಟಿ, ಮಂಜುಗಡ್ಡೆಯಾಗಿ, ಭಾರ ಬಂದು ಬೀಳಬಹುದು. ಬಿದ್ರೂ ಸ್ವಲ್ಪವೇ ಜಾಸ್ತಿ. ಅದೆಷ್ಟು ಅಂತ ತಿಳಿಯೋಕೇ ಈ ಅಳತೆ."

"ನಮ್ಮ ಪಾಲು ಆ ಕಡೆ ಹೋಗ್ತಿದ್ರೆ?"

"ಒಳ್ಳೆ ಪ್ರಶ್ನೆ. ಅದನ್ನ ಕಂಡುಹಿಡಿಯೋಕೂ ನಿಮ್ಮನೆ ಡಬ್ಬಿ ಬೇಕು. ನಿಮ್ಮ ಕಡೆ ಕಡಿಮೆ ಆಗ್ತಿದ್ರೆ ಸಾಕ್ಷಿ ಹೇಳೋದು ಇದೇ ತಾನೇ? ಆ ಸಾಕ್ಷಿನೇ ನೀವು ಕೆಡಿಸಿಬಿಟ್ರಿ. ಈಗ ಪುಸ್ತಕ ನೋಡಿದವರು ಯಂತ್ರ ಇಲ್ಲದ ಕಡೆಯೂ ಅಷ್ಟೇ ಮಳೆ ಬಿದ್ದಿದೆ, ಬಿತ್ತನೆಯಿಂದ ಏನೂ ಪ್ರಯೋಜನ ಇಲ್ಲ ಅಂದ್ಕೊಳ್ತಾರೆ, ಕೆಲಸ ನಿಲ್ಸಿಬಿಡ್ತಾರೆ. ಎರಡು ಬೆಟ್ಟದ ನೀರೂ ಇಳಿಯೋದು ಕೆಳಗಿನ ಅದೇ ಕೆರೆಗೆ. ನಿಮ್ಮ ನಲ್ಲಿಗೆ ಬರೋದೂ ಅಲ್ಲಿಂದಲೇ."

ದೊಡ್ಡ ಸೊಸೆಗೆ ಕೆಳಗೆ ಬಿದ್ದಿದ್ದ ಆಸ್ಪತ್ರೆಯ ಗಂಟುಗಳು ನೆನಪಾದವು. ನಾಚಿಕೆಯಾಯಿತು. "ಹಿಂದಿನ ಮೂರು ವಾರದ್ದೂ ಸುಳ್ಳು ಮೇಡಂ. ಹೊಡೆದುಹಾಕಿ" ಎಂದಳು.

"ಅಳತೆ ಮುಗಿಯೋವರೆಗೆ ನೀರಿಗೆ ಏನ್ಮಾಡೋದು ಮೇಡಂ?" ಎಂದು ಗಂಡ ಮೆಟ್ಟಿಲಿಂದ ಕೇಳಿದ.

"ಅಳತೆ ಮುಗಿದ್ರೂ ಅಷ್ಟೆ. ಇರೋ ನೀರು ಸೋರಿ ಹೋಗ್ಬಾರ್ದು. ಮೊದಲು ನಿಮ್ಮ ಹಿತ್ತಲಲ್ಲಿ ಸೋರ್ತಿರೋ ಪೈಪು ಕಟ್ಸಿ" ಎಂದರು ಮೇಡಂ. ಅವನು ಅಂದೇ ಕಟ್ಟಿಸಿದ.

ಮುಂದಿನ ವಾರ ಮೇಡಂ ಅಳತೆ ಕೋಲನ್ನು ದೊಡ್ಡ ಸೊಸೆಯ ಕೈಗೇ ಕೊಟ್ಟರು. ಐದು ಮಿಲಿಮೀಟರ್. ಅಷ್ಟರಲ್ಲಿ ಫೋನು ಬಂತು. "ಅಕ್ಕಾ, ನಮ್ದು ಹನ್ನೆರಡು! ನಿಮ್ದೆಷ್ಟು?"

ಹೊಟ್ಟೆ ಉರಿಯಿತು. ಸುಳ್ಳೇಕೆ, ಚೆನ್ನಾಗಿಯೇ ಉರಿಯಿತು.

"ಐದು ಕಣೇ" ಎಂದಳು. ಪುಸ್ತಕದಲ್ಲೂ ಐದೇ ಬರೆದಳು.

ನೋಡಿ, ನಿಮ್ಮ ಮನೆಯ ಮೇಲೂ ಇಂಥ ಡಬ್ಬಿ ಇರಬಹುದು. ಅದಕ್ಕೆ ನೀರು ಸುರಿಯಬೇಡಿ, ಅದನ್ನು ಮುಚ್ಚಬೇಡಿ, ಸರಿಸಬೇಡಿ. ಅನುಮಾನ ಬಂದರೆ ಅಳೆಯುವವರನ್ನೇ ನಿಲ್ಲಿಸಿ ಕೇಳಿ. ಪಕ್ಕದವರನ್ನು ಕಂಡು ಹೊಟ್ಟೆ ಉರಿದರೆ ಉರಿಯಲಿ, ಅಳತೆ ಮಾತ್ರ ನಿಜವನ್ನೇ ಬರೆಯಿರಿ.